ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ಜಪಾನಿ ಟೈಪಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಜಪಾನಿ ಭಾಷೆ ಕಲಿಯುತ್ತಿರುವವರಿಂದಲೂ ಅನುವಾದದ ಕೆಲಸ ಮಾಡುವವರಿಂದಲೂ ಪದೇ ಪದೇ ಬರುವ ಪ್ರಶ್ನೆ ಇದು: "ಲಿನಕ್ಸ್‌ನಲ್ಲಿ ಜಪಾನಿ ಸೇರಿಸಿದ್ದೇನೆ. ಬ್ರೌಸರ್‌ನಲ್ಲಿ ಸರಿಯಾಗಿ ಬರುತ್ತದೆ. ಆದರೆ ಲಿಬ್ರೆಆಫೀಸ್ ರೈಟರ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಏನು ಮಾಡಬೇಕು?" ಇಂಥ ಸಂದರ್ಭದಲ್ಲಿ ಹೆಚ್ಚಿನವರು ಲಿಬ್ರೆಆಫೀಸ್‌ನ ಆಯ್ಕೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗುತ್ತಾರೆ. ದೋಷವಿರುವುದು ಸಾಮಾನ್ಯವಾಗಿ ಅಲ್ಲಲ್ಲ. ಕೀಲಿ ಒತ್ತಿದ ಕ್ಷಣದಿಂದ ಪುಟದ ಮೇಲೆ ಜಪಾನಿ ಅಕ್ಷರ ಮೂಡುವವರೆಗೆ ನಾಲ್ಕು ಬೇರೆ ಬೇರೆ ಭಾಗಗಳು ಕೆಲಸ ಮಾಡುತ್ತವೆ. ಅವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸುಲಭ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಅನುಸರಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಒಂದು ಸೂಚನೆ. ಇಲ್ಲಿ ಪ್ಯಾಕೇಜ್‌ಗಳ ಹೆಸರನ್ನೂ ಮೆನುಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಗಣಕದಲ್ಲಿ ಹುಡುಕುವಾಗ ಪ್ಯಾಕೇಜ್ ಹೆಸರುಗಳನ್ನು ರೋಮನ್ ಸಣ್ಣಕ್ಷರಗಳಲ್ಲಿ ಟೈಪಿಸಬೇಕು. ಉಚ್ಚಾರದಿಂದ ಕಾಗುಣಿತ ಊಹಿಸಲಾಗದ ಹೆಸರುಗಳು ಎರಡೇ: ಮೊಜ್ಕ್ ಎಂಬುದನ್ನು ಎಂ-ಓ-ಝಡ್-ಸಿ ಎಂದೂ, ಫೈಟಿಕ್ಸ್ ಎಂಬುದನ್ನು ಎಫ್-ಸಿ-ಐ-ಟಿ-ಎಕ್ಸ್ ಎಂದೂ ಬರೆಯಬೇಕು.

ಬೇಕಾಗುವ ನಾಲ್ಕು ಭಾಗಗಳು

ಜಪಾನಿ ಬರಹದಲ್ಲಿ ಹಿರಗಾನ, ಕಟಕಾನ ಎಂಬ ಎರಡು ಉಚ್ಚಾರಾಂಶ ಲಿಪಿಗಳಿವೆ. ಒಂದೊಂದರಲ್ಲೂ 46 ಮೂಲ ಅಕ್ಷರಗಳು. ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಚಿಹ್ನೆಗಳಿವೆ. ಸಾಮಾನ್ಯ ಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಇಷ್ಟನ್ನೂ ಕೀಲಿಮಣೆಯ ಕೀಲಿಗಳಿಗೆ ಹಂಚಲು ಸಾಧ್ಯವಿಲ್ಲ. ಹೀಗಾಗಿ ನೀವು ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಟೈಪಿಸುತ್ತೀರಿ, ತಂತ್ರಾಂಶ ಅದನ್ನು ಹಿರಗಾನಕ್ಕೆ ತಿರುಗಿಸುತ್ತದೆ, ಬಳಿಕ ಸ್ಪೇಸ್ ಕೀಲಿ ಒತ್ತಿದಾಗ ಅದೇ ಉಚ್ಚಾರದ ಕಾಂಜಿಗಳ ಪಟ್ಟಿ ತೋರಿಸುತ್ತದೆ. ಎಚ್-ಎ-ಎಸ್-ಎಚ್-ಐ ಎಂದು ಟೈಪಿಸಿದರೆ ಬರುವ "ಹಶಿ" ಸೇತುವೆಯೂ ಆಗಬಹುದು, ಊಟದ ಕಡ್ಡಿಯೂ ಆಗಬಹುದು, ಅಂಚೂ ಆಗಬಹುದು. ಯಾವುದು ಬೇಕೆಂದು ಆರಿಸಬೇಕಾದವರು ನೀವು.

ಹೀಗೆ ಪರಿವರ್ತಿಸುವ ತಂತ್ರಾಂಶಕ್ಕೆ ಪರಿವರ್ತಕ ಎನ್ನೋಣ. ಮೊಜ್ಕ್, ಆಂಥಿ ಇವು ಪರಿವರ್ತಕಗಳು. ಪರಿವರ್ತಕವನ್ನು ಡೆಸ್ಕ್‌ಟಾಪ್‌ಗೆ ಜೋಡಿಸಿ, ಭಾಷೆ ಬದಲಿಸುವ ಕೆಲಸವನ್ನೂ ನೋಡಿಕೊಳ್ಳುವುದು ಇನ್‌ಪುಟ್ ಚೌಕಟ್ಟು. ಐಬಸ್ ಮತ್ತು ಫೈಟಿಕ್ಸ್ 5 ಇಂದು ಚಾಲ್ತಿಯಲ್ಲಿರುವ ಎರಡು ಚೌಕಟ್ಟುಗಳು. ಮೂರನೆಯದು ಸೇತು, ಅಂದರೆ ಚೌಕಟ್ಟು ಮತ್ತು ಲಿಬ್ರೆಆಫೀಸ್ ಒಂದನ್ನೊಂದು ಮಾತನಾಡಿಸಲು ಬೇಕಾದ ಘಟಕ. ನಾಲ್ಕನೆಯದು ಫಾಂಟ್. ಮೊದಲೆರಡು ಸರಿಯಿದ್ದು ಮೂರನೆಯದು ಇಲ್ಲದಿದ್ದಾಗಲೇ "ಬ್ರೌಸರ್‌ನಲ್ಲಿ ಬರುತ್ತದೆ, ರೈಟರ್‌ನಲ್ಲಿ ಬರುವುದಿಲ್ಲ" ಎಂಬ ದೂರು ಹುಟ್ಟುವುದು.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಇದಕ್ಕಾಗಿ ಇಡೀ ಗಣಕದ ಭಾಷೆಯನ್ನಾಗಲಿ ಲಿಬ್ರೆಆಫೀಸ್‌ನ ಮೆನುಗಳನ್ನಾಗಲಿ ಜಪಾನಿಗೆ ಬದಲಿಸಬೇಕಾಗಿಲ್ಲ. ಜಪಾನಿ ಅಕ್ಷರ ಮುದ್ರಿಸಿದ ಕೀಲಿಮಣೆಯೂ ಬೇಕಿಲ್ಲ.

ಹಂತ 1: ನಿಮ್ಮ ವ್ಯವಸ್ಥೆಯನ್ನು ಗುರುತಿಸಿಕೊಳ್ಳಿ

ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಮತ್ತೆ ಮತ್ತೆ ಬೇಕಾಗುತ್ತವೆ.

ಮೊದಲನೆಯದು ಡೆಸ್ಕ್‌ಟಾಪ್ ಯಾವುದು ಎಂಬುದು: ಗ್ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಸಿನಮನ್ ಇತ್ಯಾದಿ. ಎರಡನೆಯದು ಪರದೆಯನ್ನು ನಿರ್ವಹಿಸುವ ವ್ಯವಸ್ಥೆ ಹಳೆಯ ಎಕ್ಸ್11 ಆಗಿದೆಯೇ ಹೊಸ ವೇಲ್ಯಾಂಡ್ ಆಗಿದೆಯೇ ಎಂಬುದು. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್‌ನ "ಅಬೌಟ್" ಪುಟದ ವಿವರಗಳಲ್ಲಿ, ಪ್ಲಾಸ್ಮಾದಲ್ಲಿ "ಅಬೌಟ್ ದಿಸ್ ಸಿಸ್ಟಮ್" ಪುಟದಲ್ಲಿ ಇದು ಕಾಣುತ್ತದೆ. ಮೂರನೆಯದು ಲಿಬ್ರೆಆಫೀಸ್ ಎಲ್ಲಿಂದ ಬಂದಿದೆ ಎಂಬುದು: ನಿಮ್ಮ ಲಿನಕ್ಸ್ ವಿತರಣೆಯ ಸಾಮಾನ್ಯ ಪ್ಯಾಕೇಜೇ, ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಆವೃತ್ತಿಯೇ? ಕೊನೆಯ ಎರಡು ಬಗೆಯವು ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ತಮ್ಮದೇ ಆವರಣದಲ್ಲಿ ಓಡುತ್ತವೆ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಹಂತ 2: ಫಾಂಟ್ ಅಳವಡಿಸಿ

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಜಪಾನಿ ಫಾಂಟ್ ಇಲ್ಲವೆಂದೇ ಅರ್ಥ. ಡೆಬಿಯನ್, ಉಬುಂಟು ಮತ್ತು ಅವುಗಳ ಸಂತತಿಯಲ್ಲಿ "ಫಾಂಟ್ಸ್-ನೋಟೊ-ಸಿಜೆಕೆ" ಎಂಬ ಪ್ಯಾಕೇಜ್ ಸಾಕು. ಬೇರೆ ವಿತರಣೆಗಳಲ್ಲಿ "ನೋಟೊ" ಮತ್ತು "ಸಿಜೆಕೆ" ಎಂಬ ಪದಗಳಿಂದ ಹುಡುಕಿದರೆ ಸಿಗುತ್ತದೆ. ನೋಟೊ ಸ್ಯಾನ್ಸ್ ಸಿಜೆಕೆ ಫಾಂಟನ್ನು ಗೂಗಲ್ ಮತ್ತು ಅಡೋಬಿ ಕೂಡಿ ರೂಪಿಸಿ 2014ರಲ್ಲಿ ಬಿಡುಗಡೆ ಮಾಡಿದವು. ಚೀನಿ, ಜಪಾನಿ, ಕೊರಿಯನ್ ಮೂರನ್ನೂ ಅದು ಒಳಗೊಳ್ಳುತ್ತದೆ.

ಹೀಗೆ ಒಳಗೊಳ್ಳುವುದರಲ್ಲೇ ಒಂದು ಎಚ್ಚರಿಕೆಯೂ ಇದೆ. ಯೂನಿಕೋಡ್ ಈ ಭಾಷೆಗಳ ಸಮಾನ ಮೂಲದ ಚಿಹ್ನೆಗಳಿಗೆ ಒಂದೇ ಸಂಕೇತಸಂಖ್ಯೆ ಕೊಟ್ಟಿದೆ, ಆದರೆ ಕೆಲವು ಚಿಹ್ನೆಗಳನ್ನು ಜಪಾನ್‌ನಲ್ಲಿ ಬರೆಯುವ ರೂಪವೇ ಬೇರೆ. ಚೀನಿ ಫಾಂಟ್ ಆಯ್ಕೆಯಾಗಿದ್ದರೆ ಅಕ್ಷರಗಳೆಲ್ಲ ಕಾಣುತ್ತವೆ, ಚೌಕಗಳೂ ಇರುವುದಿಲ್ಲ. ಆದರೂ ಜಪಾನಿ ಓದುಗರ ಕಣ್ಣಿಗೆ ಏನೋ ಸರಿಯಿಲ್ಲವೆಂದು ತಟ್ಟುತ್ತದೆ. ಆದ್ದರಿಂದ ಫಾಂಟ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ "ಜೆಪಿ" ಇರುವುದನ್ನೇ ಆರಿಸಬೇಕು. "ಎಸ್‌ಸಿ", "ಟಿಸಿ" ಎಂಬವು ಚೀನಿ ರೂಪಗಳು, "ಕೆಆರ್" ಕೊರಿಯನ್.

ಹಂತ 3: ಚೌಕಟ್ಟು ಮತ್ತು ಪರಿವರ್ತಕವನ್ನು ಅಳವಡಿಸಿ

ಪರಿವರ್ತಕದ ವಿಷಯದಲ್ಲಿ ನನ್ನ ಸಲಹೆ ಮೊಜ್ಕ್. ಗೂಗಲ್‌ನ ಜಪಾನಿ ಇನ್‌ಪುಟ್ ತಂತ್ರಾಂಶದ ಮುಕ್ತ ಆವೃತ್ತಿಯಾಗಿ 2010ರಲ್ಲಿ ಇದು ಹೊರಬಂತು. ಸಾಮಾನ್ಯ ಬರವಣಿಗೆಯಲ್ಲಿ ಇದರ ಊಹೆ ಹಳೆಯ ಆಂಥಿಗಿಂತ ಉತ್ತಮ.

ಚೌಕಟ್ಟಿನ ವಿಷಯದಲ್ಲಿ ಡೆಸ್ಕ್‌ಟಾಪ್ ನೋಡಿ ನಿರ್ಧರಿಸಿ. ಗ್ನೋಮ್ ಬಳಸುವವರು ಐಬಸ್ ಬಳಸುವುದು ಲೇಸು, ಏಕೆಂದರೆ ಅದು ಗ್ನೋಮ್‌ನೊಳಗೇ ಹೆಣೆದುಕೊಂಡಿದೆ. ಅವರು "ಐಬಸ್-ಮೊಜ್ಕ್" ಪ್ಯಾಕೇಜ್ ಅಳವಡಿಸಿದರೆ ಸಾಕು. ಕನ್ನಡ ಟೈಪಿಸಲು ಈಗಾಗಲೇ ಐಬಸ್ ಬಳಸುತ್ತಿದ್ದರೆ ಅದೇ ಪಟ್ಟಿಗೆ ಜಪಾನಿಯೂ ಸೇರಿಕೊಳ್ಳುತ್ತದೆ, ಎರಡಕ್ಕೂ ಜಗಳವಿಲ್ಲ. ಪ್ಲಾಸ್ಮಾ ಬಳಸುವವರಿಗೆ ಫೈಟಿಕ್ಸ್ 5 ಹೊಂದುತ್ತದೆ. "ಫೈಟಿಕ್ಸ್5-ಮೊಜ್ಕ್" ಜೊತೆಗೆ ಅದರ ಸಂರಚನಾ ಸಾಧನವನ್ನೂ ಅಳವಡಿಸಬೇಕು. ಡೆಬಿಯನ್ ಬಳಗದಲ್ಲಿ ಇಲ್ಲೊಂದು ಕಡೆ ಎಡವುವವರು ಬಹಳ: ಫೈಟಿಕ್ಸ್‌ನ ಸೇತುಗಳು ಪ್ರತ್ಯೇಕ ಪ್ಯಾಕೇಜ್‌ಗಳಾಗಿರುತ್ತವೆ. "ಫೈಟಿಕ್ಸ್5-ಫ್ರಂಟ್‌ಎಂಡ್-ಜಿಟಿಕೆ3" ಮತ್ತು ಕ್ಯೂಟಿ ಹೆಸರಿನ ಅದರ ಸೋದರ ಪ್ಯಾಕೇಜ್‌ಗಳು ಬಂದಿವೆಯೇ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಜಿಟಿಕೆ, ಕ್ಯೂಟಿ ಎಂಬವು ಕಿಟಕಿ, ಗುಂಡಿ, ಮೆನುಗಳನ್ನು ಚಿತ್ರಿಸುವ ಎರಡು ತಂತ್ರಾಂಶ ಸಂಗ್ರಹಗಳು. ಲಿಬ್ರೆಆಫೀಸ್ ಇವೆರಡರಲ್ಲಿ ಯಾವುದರ ಮೂಲಕ ಬೇಕಾದರೂ ಓಡಬಲ್ಲದು.

ಎರಡೂ ಚೌಕಟ್ಟುಗಳನ್ನು ಒಟ್ಟಿಗೆ ಚಾಲೂ ಇಡಬೇಡಿ. "ಯಾವುದಾದರೂ ಒಂದು ಕೆಲಸ ಮಾಡೀತು" ಎಂದು ಎರಡನ್ನೂ ಹಾಕಿದರೆ ಒಂದೇ ಕೀಲಿಗೆ ಇಬ್ಬರು ಕೈಚಾಚುತ್ತಾರೆ, ಕೊನೆಗೆ ಯಾವುದು ಏಕೆ ಕೆಟ್ಟಿತೆಂದು ತಿಳಿಯುವುದೇ ಇಲ್ಲ.

ಡೆಬಿಯನ್, ಉಬುಂಟು ಬಳಗದಲ್ಲಿ "ಐಎಂ-ಕಾನ್ಫಿಗ್" ಎಂಬ ಸಾಧನದಿಂದ, ಲಿನಕ್ಸ್ ಮಿಂಟ್‌ನಲ್ಲಿ "ಇನ್‌ಪುಟ್ ಮೆಥಡ್" ಎಂಬ ಕಿಟಕಿಯಿಂದ ಯಾವ ಚೌಕಟ್ಟು ಬೇಕೆಂದು ಆರಿಸಬಹುದು. ಆರಿಸಿದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಒಳಬನ್ನಿ. ಕಿಟಕಿಗಳನ್ನು ಮುಚ್ಚಿ ತೆರೆದರೆ ಸಾಲದು.

ಹಂತ 4: ಜಪಾನಿಯನ್ನು ಪಟ್ಟಿಗೆ ಸೇರಿಸಿ

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್ ಪುಟಕ್ಕೆ ಹೋಗಿ, "ಇನ್‌ಪುಟ್ ಸೋರ್ಸಸ್" ಕೆಳಗಿರುವ ಕೂಡಿಸುವ ಗುಂಡಿ ಒತ್ತಿ. ಪಟ್ಟಿಯಲ್ಲಿ ಜಪಾನಿ ಕಾಣದಿದ್ದರೆ ಮೂರು ಚುಕ್ಕಿಗಳನ್ನು ಒತ್ತಿ ಉಳಿದ ಭಾಷೆಗಳನ್ನು ತೆರೆಯಿರಿ. ಅಲ್ಲಿ "ಜಪಾನೀಸ್" ಎಂದಷ್ಟೇ ಇರುವ ನಮೂದೊಂದು, "ಜಪಾನೀಸ್" ಮುಂದೆ ಆವರಣದೊಳಗೆ ಮೊಜ್ಕ್ ಹೆಸರಿರುವ ನಮೂದೊಂದು ಸಿಗುತ್ತವೆ. ಮೊದಲನೆಯದು ಕೀಲಿಗಳ ವಿನ್ಯಾಸ ಮಾತ್ರ. ಅದನ್ನು ಆರಿಸಿದರೆ ಕೆಲವು ವಿರಾಮಚಿಹ್ನೆಗಳು ಜಾಗ ಬದಲಿಸಿಕೊಳ್ಳುತ್ತವೆಯೇ ಹೊರತು ಒಂದು ಹಿರಗಾನವೂ ಮೂಡದು. ನಿಮಗೆ ಬೇಕಾದದ್ದು ಮೊಜ್ಕ್ ಹೆಸರಿರುವುದು. ಅದು ಕಾಣುತ್ತಲೇ ಇಲ್ಲವೆಂದರೆ ಪ್ಯಾಕೇಜ್ ಅಳವಡಿಸಿದ ಮೇಲೆ ಲಾಗ್‌ಔಟ್ ಮಾಡಿಲ್ಲವೆಂದೇ ಬಹುಮಟ್ಟಿಗೆ ಹೇಳಬಹುದು.

ಸೂಪರ್ ಕೀಲಿ, ಅಂದರೆ ಅನೇಕ ಕೀಲಿಮಣೆಗಳಲ್ಲಿ ವಿಂಡೋಸ್ ಚಿಹ್ನೆ ಇರುವ ಕೀಲಿ, ಅದರೊಡನೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇಷ್ಟಾದರೂ ಇಂಗ್ಲಿಷ್ ಅಕ್ಷರಗಳೇ ಬಂದರೆ ಗಾಬರಿ ಬೇಡ. ಐಬಸ್‌ನಲ್ಲಿ ಮೊಜ್ಕ್ ಆರಂಭವಾಗುವುದೇ "ನೇರ ಟೈಪಿಂಗ್" ಸ್ಥಿತಿಯಲ್ಲಿ. ಮೇಲ್ಪಟ್ಟಿಯಲ್ಲಿ ಮೊಜ್ಕ್‌ನ ಗುರುತಿನ ಮೇಲೆ ಒತ್ತಿ, "ಇನ್‌ಪುಟ್ ಮೋಡ್" ಅಡಿಯಲ್ಲಿ ಹಿರಗಾನ ಆರಿಸಿ. ಪ್ರತಿ ಸಲ ಲಾಗಿನ್ ಆದಾಗಲೂ ಇದನ್ನು ಮಾಡುವುದು ಬೇಸರವೆನಿಸಿದರೆ ಶಾಶ್ವತ ಪರಿಹಾರವಿದೆ: ನಿಮ್ಮ ಹೋಮ್ ಕಡತಕೋಶದೊಳಗಿನ, ಚುಕ್ಕಿಯಿಂದ ಆರಂಭವಾಗುವ "ಕಾನ್ಫಿಗ್" ಕೋಶದಲ್ಲಿ ಮೊಜ್ಕ್ ಎಂಬ ಉಪಕೋಶವಿದೆ, ಅಲ್ಲಿರುವ "ಐಬಸ್_ಕಾನ್ಫಿಗ್" ಹೆಸರಿನ ಪಠ್ಯ ಕಡತದಲ್ಲಿ "ಆಕ್ಟಿವ್_ಆನ್_ಲಾಂಚ್" ಎಂಬ ಸಾಲಿನ ಮೌಲ್ಯವನ್ನು "ಫಾಲ್ಸ್" ಇಂದ "ಟ್ರೂ" ಗೆ ಬದಲಿಸಿ, ಮತ್ತೊಮ್ಮೆ ಲಾಗಿನ್ ಆಗಿ. ಹೊಸ ಮೊಜ್ಕ್ ಆವೃತ್ತಿಗಳಲ್ಲಿ ಮಾತ್ರ ಈ ಸಾಲು ಇರುತ್ತದೆ.

ಫೈಟಿಕ್ಸ್ 5ರಲ್ಲಿ ಸಂರಚನಾ ಕಿಟಕಿ ತೆರೆದಾಗ ಬಲಬದಿಯ ಪಟ್ಟಿಯಲ್ಲಿ ಮೊಜ್ಕ್ ಕಾಣದಿರಬಹುದು. "ಓನ್ಲಿ ಶೋ ಕರೆಂಟ್ ಲ್ಯಾಂಗ್ವೇಜ್" ಎಂಬ ಚೌಕದ ಗುರುತು ತೆಗೆಯಿರಿ, ಕಾಣುತ್ತದೆ. ಎಡಬದಿಯ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಮ್ಮ ಸಾಮಾನ್ಯ ಇಂಗ್ಲಿಷ್ ಕೀಲಿಮಣೆ, ಎರಡನೆಯ ಸಾಲಿನಲ್ಲಿ ಮೊಜ್ಕ್ ಇರಬೇಕು. ಮೊಜ್ಕ್ ಒಂದನ್ನೇ ಇಟ್ಟು ಉಳಿದದ್ದನ್ನು ಅಳಿಸಿದರೆ ಕಂಟ್ರೋಲ್-ಸ್ಪೇಸ್ ಒತ್ತಿದಾಗ ಬದಲಾಗಲು ಏನೂ ಉಳಿಯುವುದಿಲ್ಲ. ಪ್ಲಾಸ್ಮಾವನ್ನು ವೇಲ್ಯಾಂಡ್ ಮೇಲೆ ಬಳಸುತ್ತಿದ್ದರೆ ಇನ್ನೊಂದು ಕೆಲಸ ಬಾಕಿಯಿದೆ: ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ "ವರ್ಚುವಲ್ ಕೀಬೋರ್ಡ್" ಎಂಬ ಪುಟಕ್ಕೆ ಹೋಗಿ ಅಲ್ಲಿ ಫೈಟಿಕ್ಸ್ 5 ಆರಿಸಬೇಕು. ಪರದೆಯ ಮೇಲಿನ ಕೀಲಿಮಣೆಗೂ ಜಪಾನಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಪುಟಕ್ಕಿಟ್ಟ ಹೆಸರು ದಾರಿತಪ್ಪಿಸುವಂಥದ್ದೇ. ಆದರೆ ವೇಲ್ಯಾಂಡ್‌ನಲ್ಲಿ ಚೌಕಟ್ಟಿಗೆ ಅಧಿಕಾರ ಕೊಡುವ ಜಾಗ ಅದೇ.

ಹಂತ 5: ಲಿಬ್ರೆಆಫೀಸ್ ಮುಟ್ಟುವ ಮೊದಲು ಪರೀಕ್ಷಿಸಿ

ಡೆಸ್ಕ್‌ಟಾಪ್ ಜೊತೆಗೇ ಬಂದಿರುವ ಸರಳ ಪಠ್ಯ ಸಂಪಾದಕವನ್ನು ತೆರೆಯಿರಿ. ಜಪಾನಿಗೆ ಬದಲಿಸಿ ಎನ್-ಐ-ಎಚ್-ಓ-ಎನ್-ಜಿ-ಓ ಎಂದು ಟೈಪಿಸಿ. ಅಡಿಗೆರೆಯೊಂದಿಗೆ "ನಿಹೊಂಗೊ" ಎಂಬ ಪದ ಹಿರಗಾನದಲ್ಲಿ ಮೂಡಬೇಕು, ಸ್ಪೇಸ್ ಒತ್ತಿದಾಗ ಮೂರು ಕಾಂಜಿಗಳಾಗಬೇಕು, ಎಂಟರ್ ಒತ್ತಿದಾಗ ಅಡಿಗೆರೆ ಮಾಯವಾಗಿ ಪದ ಪುಟಕ್ಕೆ ಇಳಿಯಬೇಕು. ಅಡಿಗೆರೆ ಇರುವವರೆಗೆ ಆ ಪಠ್ಯ ಇನ್ನೂ ಪರಿವರ್ತಕದ ಕೈಯಲ್ಲಿರುತ್ತದೆ, ಕಡತದಲ್ಲಿರುವುದಿಲ್ಲ ಎಂಬುದನ್ನು ನೆನಪಿಡಿ.

ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಸಂಪಾದಕದಲ್ಲಿಯೂ ಜಪಾನಿ ಬರದಿದ್ದರೆ ತೊಂದರೆ ಚೌಕಟ್ಟಿನಲ್ಲೋ ಪರಿವರ್ತಕದಲ್ಲೋ ಇದೆ. 3 ಮತ್ತು 4ನೇ ಹಂತಗಳಿಗೆ ಹಿಂದಿರುಗಿ. ಫೈಟಿಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ "ಫೈಟಿಕ್ಸ್5-ಡಯಾಗ್ನೋಸ್" ಆದೇಶ ಕೊಟ್ಟರೆ ಯಾವ ಘಟಕ ಸಿಕ್ಕಿಲ್ಲ ಎಂಬ ದೀರ್ಘ ವರದಿಯೇ ಸಿಗುತ್ತದೆ. ಸಂಪಾದಕದಲ್ಲಿ ಬಂದು ರೈಟರ್‌ನಲ್ಲಿ ಬರದಿದ್ದರೆ ಮಾತ್ರ ಮುಂದಿನ ಹಂತ ನಿಮಗೆ ಬೇಕು.

ಹಂತ 6: ಲಿಬ್ರೆಆಫೀಸ್‌ನ ಸೇತುವನ್ನು ಸರಿಪಡಿಸಿ

ಲಿಬ್ರೆಆಫೀಸ್ ತನ್ನ ಕಿಟಕಿಗಳನ್ನು ಚಿತ್ರಿಸಲು ವಿಸಿಎಲ್ ಎಂಬ ಒಳಪದರವನ್ನು ಬಳಸುತ್ತದೆ. ಆ ಪದರಕ್ಕೆ ಹಲವು ಪ್ಲಗಿನ್‌ಗಳಿವೆ: ಜಿಟಿಕೆ3 ಒಂದು, ಪ್ಲಾಸ್ಮಾಕ್ಕೆ ಹೊಂದುವ ಕೆಎಫ್5 ಅಥವಾ ಕೆಎಫ್6 ಇನ್ನೊಂದು, ಇವ್ಯಾವುವೂ ಸಿಗದಿದ್ದರೆ ಕಡೆಯ ಆಸರೆಯಾಗಿ "ಜೆನ್" ಎಂಬ ಬರಿಯ ಎಕ್ಸ್11 ಪ್ಲಗಿನ್. ಮೊದಲ ಬಗೆಯವು ಐಬಸ್, ಫೈಟಿಕ್ಸ್‌ಗಳೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಜೆನ್ ಮಾತ್ರ ಎಕ್ಸ್‌ಐಎಂ ಎಂಬ ತೀರ ಹಳೆಯ ವಿಧಾನವನ್ನು ನೆಚ್ಚಿಕೊಂಡಿದೆ. ಅದರ ಮೂಲಕ ಜಪಾನಿ ಬಂದರೂ ಅಚ್ಚುಕಟ್ಟಾಗಿ ಬರುವುದಿಲ್ಲ. ಕಾಂಜಿಗಳ ಪಟ್ಟಿ ಕರ್ಸರ್ ಬಳಿ ತೆರೆಯುವ ಬದಲು ಪರದೆಯ ಯಾವುದೋ ಮೂಲೆಯಲ್ಲಿ ತೆರೆಯುವುದು ಇದರ ಸ್ಪಷ್ಟ ಲಕ್ಷಣ.

ನಿಮ್ಮಲ್ಲಿ ಯಾವುದು ಓಡುತ್ತಿದೆ ಎಂದು ನೋಡಲು ರೈಟರ್‌ನಲ್ಲಿ "ಹೆಲ್ಪ್" ಮೆನುವಿನ "ಅಬೌಟ್ ಲಿಬ್ರೆಆಫೀಸ್" ತೆರೆಯಿರಿ. ಆವೃತ್ತಿಯ ವಿವರಗಳ ನಡುವೆ "ವಿಸಿಎಲ್" ಎಂಬ ಪದವಿದ್ದು ಅದರ ಮುಂದೆ ಪ್ಲಗಿನ್‌ನ ಹೆಸರಿರುತ್ತದೆ. ಜಿಟಿಕೆ3 ಎಂದಾಗಲಿ, ಕೆಎಫ್ ಎಂದು ಆರಂಭವಾಗುವ ಹೆಸರಾಗಲಿ ಇದ್ದರೆ ಒಳ್ಳೆಯದು. ಎಕ್ಸ್11 ಅಥವಾ ಜೆನ್ ಎಂದಿದ್ದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ.

ಪರಿಹಾರ ಸರಳ. ಗ್ನೋಮ್, ಎಕ್ಸ್‌ಎಫ್‌ಸಿಇ, ಸಿನಮನ್ ಬಳಸುವವರು "ಲಿಬ್ರೆಆಫೀಸ್-ಜಿಟಿಕೆ3" ಪ್ಯಾಕೇಜನ್ನೂ, ಪ್ಲಾಸ್ಮಾ ಬಳಸುವವರು "ಲಿಬ್ರೆಆಫೀಸ್-ಕೆಎಫ್5" ಅಥವಾ ಹೊಸ ವಿತರಣೆಗಳಲ್ಲಿ "ಲಿಬ್ರೆಆಫೀಸ್-ಕೆಎಫ್6" ಪ್ಯಾಕೇಜನ್ನೂ ಅಳವಡಿಸಬೇಕು. ಬಳಿಕ ಲಿಬ್ರೆಆಫೀಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ. ರೈಟರ್, ಕ್ಯಾಲ್ಕ್, ಇಂಪ್ರೆಸ್ ಬೇರೆ ಬೇರೆಯಾಗಿ ಕಂಡರೂ ಹಿನ್ನೆಲೆಯಲ್ಲಿ ಓಡುವುದು ಒಂದೇ ಪ್ರಕ್ರಿಯೆ. ಒಂದು ಕಿಟಕಿ ತೆರೆದಿದ್ದರೂ ಹೊಸದು ಹಳೆಯ ಪ್ಲಗಿನ್ನಿನಲ್ಲೇ ತೆರೆದುಕೊಳ್ಳುತ್ತದೆ, ಬದಲಾವಣೆ ಫಲಿಸಲಿಲ್ಲವೆಂದು ನೀವು ತಪ್ಪು ತಿಳಿಯುತ್ತೀರಿ.

ಕೆಎಫ್ ಪ್ಲಗಿನ್ನಿನಲ್ಲಿ ತೊಂದರೆ ಕಂಡು ಜಿಟಿಕೆ3 ಹೇಗಿದೆಯೆಂದು ನೋಡಬೇಕಾದರೆ, "ಎಸ್‌ಎಎಲ್_ಯೂಸ್_ವಿಸಿಎಲ್‌ಪ್ಲಗಿನ್" ಎಂಬ ಪರಿಸರ ಚರಕ್ಕೆ "ಜಿಟಿಕೆ3" ಎಂಬ ಮೌಲ್ಯ ಕೊಟ್ಟು ಟರ್ಮಿನಲ್‌ನಿಂದ ಲಿಬ್ರೆಆಫೀಸ್ ತೆರೆಯಿರಿ. ಪರಿಸರ ಚರವೆಂದರೆ ತಂತ್ರಾಂಶ ಶುರುವಾಗುವಾಗ ಓದಿಕೊಳ್ಳುವ, ಹೆಸರು ಮತ್ತು ಮೌಲ್ಯಗಳಿರುವ ಸಣ್ಣ ಟಿಪ್ಪಣಿ. ಇವುಗಳ ಹೆಸರುಗಳನ್ನು ರೋಮನ್ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯುತ್ತಾರೆ. ಸಮಚಿಹ್ನೆಯ ಎರಡೂ ಬದಿಗೆ ಸ್ಪೇಸ್ ಬಿಡಬಾರದು.

ಪರಿಸರ ಚರಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಏಕೆಂದರೆ ಹಳೆಯ ಲೇಖನಗಳಿಂದ ಇವನ್ನು ಕಣ್ಣುಮುಚ್ಚಿ ನಕಲು ಮಾಡಿಕೊಂಡವರೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ಎಕ್ಸ್11ರಲ್ಲಿ ಮೂರು ಚರಗಳು ಬೇಕು: "ಜಿಟಿಕೆ_ಐಎಂ_ಮಾಡ್ಯೂಲ್", "ಕ್ಯೂಟಿ_ಐಎಂ_ಮಾಡ್ಯೂಲ್" ಮತ್ತು "ಎಕ್ಸ್‌ಮಾಡಿಫೈಯರ್ಸ್". ಮೊದಲೆರಡಕ್ಕೆ ಐಬಸ್ ಅಥವಾ ಫೈಟಿಕ್ಸ್ ಎಂಬ ಹೆಸರೇ ಮೌಲ್ಯ. ಆವೃತ್ತಿ 5 ಆದರೂ ಇಲ್ಲಿ ಅಂಕೆ ಸೇರಿಸದೆ ಬರಿಯ ಫೈಟಿಕ್ಸ್ ಎಂದೇ ಬರೆಯಬೇಕು. ಮೂರನೆಯದಕ್ಕೆ ಆ ಹೆಸರಿಗೆ ಮೊದಲು "@ಐಎಂ=" ಸೇರುತ್ತದೆ. "ಐಎಂ-ಕಾನ್ಫಿಗ್" ಬಳಸಿದ್ದರೆ ಈ ಮೂರನ್ನೂ ಅದೇ ನೋಡಿಕೊಳ್ಳುತ್ತದೆ, ನೀವು ಮತ್ತೆ ಬರೆಯುವ ಅಗತ್ಯವಿಲ್ಲ. ವೇಲ್ಯಾಂಡ್ ಮೇಲಿನ ಪ್ಲಾಸ್ಮಾದಲ್ಲಿ ಮೊದಲೆರಡನ್ನು ಬರೆಯದಿರುವುದೇ ಸರಿ. ಬರೆದಿದ್ದರೆ ಫೈಟಿಕ್ಸ್ ತಾನೇ ಎಚ್ಚರಿಕೆ ತೋರಿಸುತ್ತದೆ. ಗ್ನೋಮ್ ಮತ್ತು ಐಬಸ್ ಜೋಡಿಗೆ ಸಾಮಾನ್ಯವಾಗಿ ಏನನ್ನೂ ಬರೆಯಬೇಕಾಗಿಲ್ಲ.

ಬರೆಯುವ ಜಾಗವೂ ಮುಖ್ಯ. ಟರ್ಮಿನಲ್‌ನಿಂದ ತೆರೆದರೆ ಜಪಾನಿ ಬರುತ್ತದೆ, ಮೆನುವಿನ ಗುರುತಿನಿಂದ ತೆರೆದರೆ ಬರುವುದಿಲ್ಲ ಎಂಬ ವಿಚಿತ್ರ ದೂರಿಗೆ ಉತ್ತರ ಇಲ್ಲಿದೆ. ಚರಗಳನ್ನು ಚುಕ್ಕಿಯಿಂದ ಆರಂಭವಾಗುವ "ಬ್ಯಾಷ್ಆರ್‌ಸಿ" ಕಡತದಲ್ಲಿ ಬರೆದರೆ ಅವು ಟರ್ಮಿನಲ್‌ಗೆ ಮಾತ್ರ ತಿಳಿಯುತ್ತವೆ. ಇಡೀ ಡೆಸ್ಕ್‌ಟಾಪ್‌ಗೆ ತಿಳಿಯಬೇಕಾದರೆ "ಇಟಿಸಿ" ಕೋಶದ "ಎನ್ವಿರಾನ್ಮೆಂಟ್" ಕಡತದಲ್ಲಿ ಅಥವಾ ಎಕ್ಸ್11 ಆದರೆ ಹೋಮ್‌ನಲ್ಲಿರುವ, ಚುಕ್ಕಿಯಿಂದಲೇ ಆರಂಭವಾಗುವ "ಎಕ್ಸ್‌ಪ್ರೊಫೈಲ್" ಕಡತದಲ್ಲಿ ಬರೆದು, ಲಾಗ್‌ಔಟ್ ಮಾಡಿ ಬರಬೇಕು.

ಹಂತ 7: ಲಿಬ್ರೆಆಫೀಸ್‌ಗೆ ಜಪಾನಿಯ ಪರಿಚಯ ಮಾಡಿಸಿ

ಟೈಪಿಸುವುದಕ್ಕಿಂತ ಹೆಚ್ಚಾಗಿ ಟೈಪಿಸಿದ್ದು ಸರಿಯಾಗಿ ಕಾಣುವುದಕ್ಕೆ ಈ ಹಂತ. "ಟೂಲ್ಸ್" ಮೆನುವಿನ "ಆಪ್ಷನ್ಸ್" ತೆರೆದು, "ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್" ವಿಭಾಗದ "ಜನರಲ್" ಪುಟಕ್ಕೆ ಹೋಗಿ. ಹಳೆಯ ಆವೃತ್ತಿಗಳಲ್ಲಿ ಇದು "ಲ್ಯಾಂಗ್ವೇಜ್ ಸೆಟ್ಟಿಂಗ್ಸ್" ಅಡಿಯ "ಲ್ಯಾಂಗ್ವೇಜಸ್" ಎಂದಿರುತ್ತದೆ. ದಸ್ತಾವೇಜಿನ ಪೂರ್ವನಿಗದಿತ ಭಾಷೆಗಳ ಜಾಗದಲ್ಲಿ ಮೂರು ಸಾಲುಗಳಿವೆ: ಪಾಶ್ಚಾತ್ಯ, ಏಷ್ಯನ್, ಸಂಕೀರ್ಣ ಲಿಪಿ. ಏಷ್ಯನ್ ಎಂಬ ಚೌಕಕ್ಕೆ ಗುರುತು ಹಾಕಿ ಜಪಾನೀಸ್ ಆರಿಸಿ.

ಈ ವಿಂಗಡಣೆ ಕನ್ನಡಿಗರಿಗೆ ಸ್ವಲ್ಪ ಗೊಂದಲ ತರುತ್ತದೆ. ಲಿಬ್ರೆಆಫೀಸ್‌ನ ಲೆಕ್ಕದಲ್ಲಿ "ಏಷ್ಯನ್" ಎಂದರೆ ಚೀನಿ, ಜಪಾನಿ, ಕೊರಿಯನ್ ಮಾತ್ರ. ಕನ್ನಡ ಇರುವುದು ಸಂಕೀರ್ಣ ಲಿಪಿಗಳ ಸಾಲಿನಲ್ಲಿ. ಒಂದೇ ದಸ್ತಾವೇಜಿನಲ್ಲಿ ಇಂಗ್ಲಿಷ್, ಜಪಾನಿ, ಕನ್ನಡ ಮೂರೂ ಇದ್ದರೆ ಮೂರೂ ಸಾಲುಗಳನ್ನು ತುಂಬಬೇಕು. ಪ್ರತಿಯೊಂದಕ್ಕೂ ಫಾಂಟ್, ಗಾತ್ರ ಪ್ರತ್ಯೇಕವಾಗಿರುತ್ತವೆ. ಆಯ್ದ ಪಠ್ಯದ ಮೇಲೆ "ಫಾರ್ಮ್ಯಾಟ್" ಮೆನುವಿನ "ಕ್ಯಾರೆಕ್ಟರ್" ತೆರೆದರೆ ಮೂರು ಭಾಗಗಳೂ ಅಕ್ಕಪಕ್ಕ ಕಾಣುತ್ತವೆ. ಫಾಂಟ್ ಬದಲಿಸಿದರೂ ಕಾಂಜಿಗಳು ಬದಲಾಗುತ್ತಿಲ್ಲ ಎನ್ನುವವರು ಪಾಶ್ಚಾತ್ಯ ಭಾಗದಲ್ಲಿ ಬದಲಿಸಿರುತ್ತಾರೆ.

ಗುರುತು ಹಾಕುವಾಗ ಕೆಳಗಿರುವ "ಈ ದಸ್ತಾವೇಜಿಗೆ ಮಾತ್ರ" ಎಂಬರ್ಥದ ಚೌಕವನ್ನೂ ಗಮನಿಸಿ. ಅದಕ್ಕೆ ಗುರುತು ಬಿದ್ದಿದ್ದರೆ ನಾಳೆ ತೆರೆಯುವ ಹೊಸ ಕಡತಕ್ಕೆ ಈ ಆಯ್ಕೆ ಅನ್ವಯಿಸುವುದಿಲ್ಲ. ಎಲ್ಲ ಹೊಸ ಕಡತಗಳಿಗೂ ಒಂದೇ ಜಪಾನಿ ಫಾಂಟ್ ಬೇಕಾದರೆ "ಆಪ್ಷನ್ಸ್" ಒಳಗೇ ರೈಟರ್ ವಿಭಾಗದಲ್ಲಿ ಏಷ್ಯನ್ ಮೂಲ ಫಾಂಟ್‌ಗಳ ಪುಟವಿದೆ. ಅಲ್ಲಿ ನೋಟೊ ಸ್ಯಾನ್ಸ್ ಅಥವಾ ನೋಟೊ ಸೆರಿಫ್‌ನ ಜೆಪಿ ರೂಪವನ್ನು ಆರಿಸಿಡಿ.

ಏಷ್ಯನ್ ಆಯ್ಕೆ ಚಾಲೂ ಆದಾಗ ಉಪಯುಕ್ತ ಸೌಲಭ್ಯಗಳೂ ತೆರೆದುಕೊಳ್ಳುತ್ತವೆ. ಕಾಂಜಿಯ ಮೇಲೆ ಸಣ್ಣಕ್ಷರದಲ್ಲಿ ಉಚ್ಚಾರ ಬರೆಯುವ ಫುರಿಗಾನ ಬೇಕಿದ್ದರೆ "ಫಾರ್ಮ್ಯಾಟ್" ಮೆನುವಿನ "ಏಷಿಯನ್ ಫೊನೆಟಿಕ್ ಗೈಡ್" ನೋಡಿ. ಮೇಲಿನಿಂದ ಕೆಳಕ್ಕೆ ಬರೆಯುವ ಲಂಬ ಪಠ್ಯ ಪುಟದ ಶೈಲಿಯಲ್ಲಿ ಸಿಗುತ್ತದೆ.

ಹಂತ 8: ಟೈಪಿಸುವಾಗ ಎಡವುವ ಜಾಗಗಳು

ಎಲ್ಲವೂ ಓಡತೊಡಗಿದ ಮೇಲೆ ಬರುವ ದೂರುಗಳು ಬೇರೆಯವು. ಅವುಗಳಲ್ಲಿ ಹೆಚ್ಚಿನವು ದೋಷವಲ್ಲ, ಅಭ್ಯಾಸದ ಕೊರತೆ.

ಎನ್ ಅಕ್ಷರದ ಕಾಟ ಮೊದಲನೆಯದು. ಕೆ-ಐ-ಎನ್-ಇ-ಎನ್ ಎಂದು ಟೈಪಿಸಿದರೆ "ಕಿನೆನ್" ಆಗುತ್ತದೆ, ಅಂದರೆ ಸ್ಮರಣೆ. ಧೂಮಪಾನ ನಿಷೇಧವೆಂಬ ಅರ್ಥದ "ಕಿನ್‌ಎನ್" ಬೇಕಾದರೆ ನಡುವಿನ ಎನ್ ಅನ್ನು ಎರಡು ಸಲ ಒತ್ತಬೇಕು. ಅನುಸ್ವಾರದಂಥ ಆ ಅಕ್ಷರಕ್ಕೆ ಎರಡು ಎನ್ ಎಂಬ ಇದೇ ನಿಯಮದಿಂದ "ಕೊನ್ನಿಚಿವಾ" ಬರೆಯಲು ಮೂರು ಎನ್ ಬೇಕಾಗುತ್ತದೆ: ಎರಡು ಅನುಸ್ವಾರಕ್ಕೆ, ಒಂದು "ನಿ" ಗೆ. ಕೊನೆಯ "ವಾ" ಬರಹದಲ್ಲಿ "ಹ" ಆಗಿರುವುದರಿಂದ ಎಚ್-ಎ ಎಂದೇ ಟೈಪಿಸಬೇಕು.

ಪರಿವರ್ತಕ ಪದಗಳನ್ನು ತಪ್ಪು ಜಾಗದಲ್ಲಿ ಒಡೆದರೆ ಅದನ್ನು ಅಳಿಸಿ ಮತ್ತೆ ಬರೆಯಬೇಕಾಗಿಲ್ಲ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲವಾದ್ದರಿಂದ "ಕೊಕೊದೆಹಕಿಮೊನೊವೊನುಗು" ಎಂಬ ಸಾಲನ್ನು "ಇಲ್ಲಿ ಪಾದರಕ್ಷೆ ಕಳಚುವುದು" ಎಂದೂ ಒಡೆಯಬಹುದು, "ಇಲ್ಲಿ ಕಿಮೋನೊ ಕಳಚುವುದು" ಎಂದೂ ಒಡೆಯಬಹುದು. ಸ್ಪೇಸ್ ಒತ್ತಿದ ಮೇಲೆ ಎಡ-ಬಲ ಬಾಣದ ಕೀಲಿಗಳಿಂದ ತುಂಡಿನಿಂದ ತುಂಡಿಗೆ ಹೋಗಿ, ಶಿಫ್ಟ್ ಹಿಡಿದು ಅದೇ ಬಾಣಗಳನ್ನು ಒತ್ತಿದರೆ ತುಂಡು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಉದ್ದ ವಾಕ್ಯ ಬರೆಯುವವರು ಈ ಒಂದು ಕೌಶಲವನ್ನು ಮೊದಲ ದಿನವೇ ಕಲಿಯುವುದು ಒಳ್ಳೆಯದು.

ಎಫ್6 ಒತ್ತಿದರೆ ಟೈಪಿಸಿದ್ದು ಹಿರಗಾನವಾಗುತ್ತದೆ, ಎಫ್7 ಒತ್ತಿದರೆ ಕಟಕಾನ, ಎಫ್10 ಒತ್ತಿದರೆ ರೋಮನ್. ಆದರೆ ಅಡಿಗೆರೆ ಇರುವಾಗಷ್ಟೇ ಈ ಕೀಲಿಗಳು ಪರಿವರ್ತಕಕ್ಕೆ ಸೇರುತ್ತವೆ. ಎಂಟರ್ ಒತ್ತಿದ ಮೇಲೆ ಎಫ್7 ಒತ್ತಿದರೆ ರೈಟರ್‌ನ ಕಾಗುಣಿತ ಪರೀಕ್ಷೆಯ ಕಿಟಕಿ ತೆರೆದುಕೊಳ್ಳುತ್ತದೆ.

ಕ್ಯಾಲ್ಕ್ ಬಳಸುವವರು ಎರಡು ವಿಷಯ ಗಮನಿಸಬೇಕು. ಕಂಟ್ರೋಲ್-ಸ್ಪೇಸ್ ಕ್ಯಾಲ್ಕ್‌ನಲ್ಲಿ ಇಡೀ ಲಂಬಸಾಲನ್ನು ಆಯ್ಕೆ ಮಾಡುವ ಕೀಲಿ. ಫೈಟಿಕ್ಸ್ ಅದನ್ನೇ ಭಾಷೆ ಬದಲಿಸಲು ಬಳಸುವುದರಿಂದ ಕ್ಯಾಲ್ಕ್‌ಗೆ ಅದು ತಲುಪುವುದೇ ಇಲ್ಲ. ಸಂರಚನಾ ಕಿಟಕಿಯಲ್ಲಿ ಬೇರೆ ಕೀಲಿ ಜೋಡಿಯನ್ನು ಗೊತ್ತುಮಾಡಿಕೊಳ್ಳಿ. ಎರಡನೆಯದು ಪೂರ್ಣ ಅಗಲದ ಅಕ್ಷರಗಳು. ಹಿರಗಾನ ಸ್ಥಿತಿಯಲ್ಲಿ ಬರುವ ಅಂಕೆ, ಚಿಹ್ನೆ ಮತ್ತು ಸ್ಪೇಸ್‌ಗಳು ಕಾಂಜಿಯಷ್ಟೇ ಅಗಲವಿರುವ ಬೇರೆಯೇ ಅಕ್ಷರಗಳಾಗಿರಬಹುದು. ಸೂತ್ರ, ಮಿಂಚಂಚೆ ವಿಳಾಸ, ಕಡತದ ಹೆಸರು ಇವುಗಳಲ್ಲಿ ಅವು ನುಸುಳಿದರೆ ಕಣ್ಣಿಗೆ ಕಾಣದ ತಪ್ಪಾಗಿ ಉಳಿಯುತ್ತವೆ. ಇಂಥದ್ದನ್ನು ಬರೆಯುವ ಮುನ್ನ ಇಂಗ್ಲಿಷ್ ಕೀಲಿಮಣೆಗೆ ಮರಳಿ. ಸ್ಪೇಸ್ ಯಾವಾಗಲೂ ಅರ್ಧ ಅಗಲದ್ದೇ ಬರಬೇಕಾದರೆ ಮೊಜ್ಕ್‌ನ ಸೆಟ್ಟಿಂಗ್‌ಗಳಲ್ಲಿ ಅದಕ್ಕೊಂದು ಆಯ್ಕೆ ಇದೆ. ಡೆಬಿಯನ್ ಬಳಗದಲ್ಲಿ ಆ ಕಿಟಕಿ ತೆರೆಯಲು "ಮೊಜ್ಕ್-ಯುಟಿಲ್ಸ್-ಜಿಯುಐ" ಪ್ಯಾಕೇಜ್ ಬೇಕು.

ಇಷ್ಟಾದರೂ ಬರದಿದ್ದರೆ

ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಆವೃತ್ತಿ ಬಳಸುತ್ತಿದ್ದರೆ ಒಮ್ಮೆ ವಿತರಣೆಯ ಸಾಮಾನ್ಯ ಪ್ಯಾಕೇಜನ್ನು ಅಳವಡಿಸಿ ಹೋಲಿಸಿ ನೋಡಿ. ಆವರಣದೊಳಗೆ ಓಡುವ ತಂತ್ರಾಂಶ ತನ್ನೊಡನೆ ಬಂದ ಸೇತುಗಳನ್ನು ಬಳಸುತ್ತದೆಯೇ ಹೊರತು ನೀವು ಹೊರಗೆ ಅಳವಡಿಸಿದ್ದನ್ನಲ್ಲ. ಎರಡು ಆವೃತ್ತಿಗಳ ಸೆಟ್ಟಿಂಗ್‌ಗಳೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಆದ್ದರಿಂದ 7ನೇ ಹಂತವನ್ನು ಹೊಸದರಲ್ಲಿ ಮತ್ತೆ ಮಾಡಬೇಕಾಗುತ್ತದೆ.

ಲಿಬ್ರೆಆಫೀಸ್ ಅನ್ನು ನಿರ್ವಾಹಕನ ಅಧಿಕಾರದಲ್ಲಿ, ಅಂದರೆ "ಸುಡೊ" ಜೊತೆ ತೆರೆಯಬೇಡಿ. ಚೌಕಟ್ಟು ಓಡುವುದು ನಿಮ್ಮ ಖಾತೆಯಲ್ಲಿ. ಇನ್ನೊಂದು ಖಾತೆಯಲ್ಲಿ ತೆರೆದ ಕಿಟಕಿಗೂ ಅದಕ್ಕೂ ಸಂಪರ್ಕವಿರುವುದಿಲ್ಲ. ಗಣಕದ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಸಂಕೇತದ ಒಟ್ಟು ಹೊಂದಾಣಿಕೆ, ಯುಟಿಎಫ್-8 ಬಗೆಯದಾಗಿರಬೇಕು. ಟರ್ಮಿನಲ್‌ನಲ್ಲಿ "ಲೊಕೇಲ್" ಎಂದು ಆದೇಶ ಕೊಟ್ಟಾಗ ಬರಿಯ "ಸಿ" ಅಥವಾ "ಪೋಸಿಕ್ಸ್" ಎಂದು ಕಂಡರೆ ಅದನ್ನು ಸರಿಪಡಿಸಿ.

ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಪರೀಕ್ಷಿಸುವುದು ಅತ್ಯಂತ ನಿರ್ಣಾಯಕ ಉಪಾಯ. ಅಲ್ಲಿ ಜಪಾನಿ ಬಂದರೆ ನಿಮ್ಮ ಹಳೆಯ ಖಾತೆಯಲ್ಲಿ ಎಂದೋ ಬರೆದಿಟ್ಟ ಪರಿಸರ ಚರವೋ, ಕೆಟ್ಟುಹೋದ ಲಿಬ್ರೆಆಫೀಸ್ ಪ್ರೊಫೈಲೋ ಅಡ್ಡಿಯಾಗಿದೆ. ಪ್ರೊಫೈಲಿನ ಅನುಮಾನವನ್ನು "ಹೆಲ್ಪ್" ಮೆನುವಿನ "ರೀಸ್ಟಾರ್ಟ್ ಇನ್ ಸೇಫ್ ಮೋಡ್" ಮೂಲಕ ಬಗೆಹರಿಸಿಕೊಳ್ಳಬಹುದು. ಹೊಸ ಖಾತೆಯಲ್ಲೂ ಬರದಿದ್ದರೆ, ಹಂತ 1ರಲ್ಲಿ ಬರೆದಿಟ್ಟ ಚೀಟಿಯ ಮೂರು ವಿವರಗಳ ಜೊತೆಗೆ "ಅಬೌಟ್" ಕಿಟಕಿಯ ವಿಸಿಎಲ್ ಹೆಸರನ್ನೂ, ಸಂಪಾದಕದಲ್ಲಿ ಜಪಾನಿ ಬಂತೇ ಇಲ್ಲವೇ ಎಂಬುದನ್ನೂ ಸೇರಿಸಿ ನಿಮ್ಮ ವಿತರಣೆಯ ಸಹಾಯ ವೇದಿಕೆಯಲ್ಲಿ ಕೇಳಿ. ಈ ಐದು ವಿವರಗಳಿಲ್ಲದ ಪ್ರಶ್ನೆಗೆ ಬರುವ ಮೊದಲ ಉತ್ತರ, ಇವನ್ನೇ ಕೇಳುವ ಮರುಪ್ರಶ್ನೆಯಾಗಿರುತ್ತದೆ.